ಯಾವ ಫರೋಹ?

ಕಾಲೇಜಿಗೆ ಹೋಗುವ ಮಗನೋ ಮಗಳೋ ಮನೆಯಲ್ಲಿದ್ದರೆ ‘ಸಿವಿಲೈಸೇಷನ್’ ಎಂಬ ಕಂಪ್ಯೂಟರ್ ಆಟದ ಹೆಸರು ನಿಮ್ಮ ಕಿವಿಗೆ ಬಿದ್ದಿರಬಹುದು. ಸಿಡ್ ಮೈಯರ್ ಎಂಬ ವಿನ್ಯಾಸಕಾರ 1991ರಲ್ಲಿ ಹೊರತಂದ ಆ ಆಟದ ಏಳನೆಯ ಆವೃತ್ತಿ 2025ರ ಫೆಬ್ರವರಿಯಲ್ಲಿ ಬಿಡುಗಡೆಯಾಯಿತು. ಅದು ಬರಿಯ ಗುಂಡು ಹಾರಿಸುವ ಆಟವಲ್ಲ; ಚದುರಂಗದ ವಂಶಕ್ಕೆ ಸೇರಿದ ತಂತ್ರದ ಆಟ. ಆಡುವವನು ಒಂದು ಜನಾಂಗವನ್ನು ಆರಿಸಿಕೊಳ್ಳುತ್ತಾನೆ. ಮೊದಲು ಒಂದು ಊರು ಕಟ್ಟುತ್ತಾನೆ. ಬರಹ, ನಾಣ್ಯ, ಹಡಗು ಎಂದು ಒಂದೊಂದನ್ನೇ ಕಲಿಯುತ್ತ, ನೆರೆಯ ರಾಜ್ಯಗಳೊಡನೆ ಸಂಧಿಯನ್ನೋ ಸಮರವನ್ನೋ ನಡೆಸುತ್ತ ಸಾವಿರಾರು ವರ್ಷಗಳನ್ನು ದಾಟುತ್ತಾನೆ. ಈ ಆಟವನ್ನು ಖಂಡಿಸುವುದು ನನ್ನ ಉದ್ದೇಶವಲ್ಲ. ನೈಲ್ ನದಿಯ ನೆರೆ, ಪಪೈರಸ್, ಧಾನ್ಯದ ಕಣಜ ಇವುಗಳ ಪ್ರಾಮುಖ್ಯವನ್ನು ಎಷ್ಟೋ ಯುವಕರು ಪಠ್ಯಪುಸ್ತಕದಿಂದಲ್ಲ, ಇಂತಹ ಆಟಗಳಿಂದಲೇ ಕಲಿತಿದ್ದಾರೆ.

ಆದರೆ ಆಟದಲ್ಲಿ ಒಂದು ನಿಯಮವುಂಟು. ಪ್ರತಿಯೊಂದು ನಾಗರಿಕತೆಯ ಪರವಾಗಿ ಒಬ್ಬ ನಾಯಕ ತೆರೆಯ ಮೇಲೆ ಬಂದು ನಿಲ್ಲಬೇಕು. ಆತನೇ ಮಾತನಾಡುತ್ತಾನೆ, ಆತನೇ ಬೆದರಿಸುತ್ತಾನೆ, ಆತನೇ ವ್ಯಾಪಾರಕ್ಕೆ ಕರೆಯುತ್ತಾನೆ. ಕಲ್ಲಿನ ಯುಗದಿಂದ ರಾಕೆಟ್ ಯುಗದವರೆಗೂ ಆತನಿಗೆ ಸಾವಿಲ್ಲ. ಏಳನೆಯ ಆವೃತ್ತಿಯಲ್ಲಿ ನಾಯಕನನ್ನೂ ನಾಗರಿಕತೆಯನ್ನೂ ಬೇರೆ ಬೇರೆಯಾಗಿ ಆರಿಸಿಕೊಳ್ಳುವ ಅವಕಾಶ ಬಂದಿತಾದರೂ ಒಂದು ದೇಶವನ್ನು ನೆನೆದೊಡನೆ ಒಂದು ಮುಖ ಕಣ್ಣ ಮುಂದೆ ನಿಲ್ಲುವುದು ತಪ್ಪಿಲ್ಲ. ಭಾರತಕ್ಕೆ ಮೊದಲಿನಿಂದಲೂ ಮಹಾತ್ಮ ಗಾಂಧಿ. ಆಮೇಲೆ ಅಶೋಕ, ಚಂದ್ರಗುಪ್ತರೂ ಬಂದರು. (ಆಟದ ಗಾಂಧೀಜಿ ಒಂದು ಗಣಕದೋಷದಿಂದಾಗಿ ಅಣುಬಾಂಬ್ ಪ್ರಿಯರಾದರೆಂಬ ತಮಾಷೆಯ ಕಥೆ ಬಹುಕಾಲ ಹರಿದಾಡಿತು. ಅಂಥ ದೋಷ ಇರಲೇ ಇಲ್ಲವೆಂದು ಮೈಯರ್ ತಮ್ಮ 2020ರ ಆತ್ಮಕಥನದಲ್ಲಿ ಬರೆದಿದ್ದಾರೆ.) ಈಜಿಪ್ಟಿನ ಪರವಾಗಿ ನಿಂತವರು ಯಾರು? 1991ರಲ್ಲಿ ರಾಮ್ಸೇಸ್, 1996ರಲ್ಲಿ ರಾಮ್ಸೇಸ್ ಮತ್ತು ಕ್ಲಿಯೋಪಾತ್ರ, 2001ರಲ್ಲಿ ಕ್ಲಿಯೋಪಾತ್ರ, 2005ರಲ್ಲಿ ಹಾತ್‌ಶೆಪ್ಸುತ್, ಮರುವರ್ಷ ಅವಳ ಜೊತೆಗೆ ರಾಮ್ಸೇಸ್, 2010ರಲ್ಲಿ ಮತ್ತೆ ರಾಮ್ಸೇಸ್, 2016ರಲ್ಲಿ ಮತ್ತೆ ಕ್ಲಿಯೋಪಾತ್ರ, ಕೆಲವು ವರ್ಷಗಳ ಅನಂತರ ಅವಳ ಹಿಂದೆಯೇ ರಾಮ್ಸೇಸ್, 2025ರಲ್ಲಿ ಹಾತ್‌ಶೆಪ್ಸುತ್. ಮೂವತ್ತನಾಲ್ಕು ವರ್ಷಗಳಲ್ಲಿ ಮೂವರೇ!

ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಮನೆಥೋ ಎಂಬ ಈಜಿಪ್ಟಿನ ಅರ್ಚಕನೊಬ್ಬ ಗ್ರೀಕ್ ಭಾಷೆಯಲ್ಲಿ ತನ್ನ ನಾಡಿನ ಚರಿತ್ರೆ ಬರೆದು ಅರಸರನ್ನು 30 ರಾಜವಂಶಗಳಾಗಿ ವಿಂಗಡಿಸಿದನು. ಇಂದಿನ ವಿದ್ವಾಂಸರೂ ಅದನ್ನೇ ಅನುಸರಿಸುತ್ತಾರೆ. ಉತ್ತರ, ದಕ್ಷಿಣ ಈಜಿಪ್ಟುಗಳು ಒಂದಾದದ್ದು ಕ್ರಿ.ಪೂ. 3100ರ ಸುಮಾರಿಗೆ, ಕ್ಲಿಯೋಪಾತ್ರಳ ಮರಣ ಕ್ರಿ.ಪೂ. 30ರಲ್ಲಿ. ಮಧ್ಯೆ ಮೂರು ಸಾವಿರ ವರ್ಷಗಳು, ನೂರೈವತ್ತಕ್ಕೂ ಮಿಕ್ಕ ಅರಸರು. ಗೀಜಾದ ದೊಡ್ಡ ಪಿರಮಿಡ್ ಕಟ್ಟಿಸಿದವನಿಗೂ ಕ್ಲಿಯೋಪಾತ್ರಳಿಗೂ ಇರುವ ಅಂತರ, ಕ್ಲಿಯೋಪಾತ್ರಳಿಗೂ ನಮಗೂ ಇರುವ ಅಂತರಕ್ಕಿಂತ ಹೆಚ್ಚು ಎಂಬುದನ್ನು ನಾವು ಎಷ್ಟು ಬಾರಿ ಯೋಚಿಸಿದ್ದೇವೆ? ಇಂತಹ ದೀರ್ಘ ಚರಿತ್ರೆಗೆ ಒಂದೇ ಮುಖವನ್ನು ಆರಿಸಬೇಕಾದವನ ಕಷ್ಟ ದೊಡ್ಡದು. ಆ ಕಷ್ಟ ಆಟ ತಯಾರಿಸುವವರದು ಮಾತ್ರವಲ್ಲ. ನಮ್ಮ ಮಕ್ಕಳು ವಿಮೋಚನಾಕಾಂಡವನ್ನು ಓದುವಾಗ ‘ಫರೋಹ’ ಎಂಬ ಶಬ್ದದ ಎದುರು ಯಾವ ಮುಖ ಮೂಡುತ್ತದೆ ಎಂಬ ಪ್ರಶ್ನೆಯೂ ಅದರಲ್ಲಿ ಅಡಗಿದೆ. ತೆರೆಯ ಮೇಲೆ ನೂರು ಸಲ ಕಂಡು ಗೆಳೆಯನಂತಾದ ಮುಖವನ್ನು ಪುಸ್ತಕದ ಎರಡು ಸಾಲು ಅಳಿಸಲಾರದು.

ಪಿರಮಿಡ್ಡಿನ ಒಡೆಯ ಖುಫುವನ್ನೇ ಆರಿಸಬಾರದೇಕೆ ಎಂದು ನೀವು ಕೇಳಬಹುದು. ಕ್ರಿ.ಪೂ. 2600ರ ಸುಮಾರಿನವನು, ಅವನ ಪಿರಮಿಡ್ ಮೂಲದಲ್ಲಿ 146 ಮೀಟರ್ ಎತ್ತರವಿತ್ತು. ಆದರೆ ಅವನ ಮುಖವೇ ನಮಗೆ ಸರಿಯಾಗಿ ಸಿಕ್ಕಿಲ್ಲ. ಅವನದೆಂದು ಹೆಸರು ಸಹಿತ ಖಚಿತವಾಗಿ ಹೇಳಬಹುದಾದ ಪೂರ್ಣ ವಿಗ್ರಹ ಏಳೂವರೆ ಸೆಂಟಿಮೀಟರ್ ಎತ್ತರದ ದಂತದ ಗೊಂಬೆಯೊಂದೇ. 1903ರಲ್ಲಿ ಅಬೀಡೋಸ್‌ನಲ್ಲಿ ಫ್ಲಿಂಡರ್ಸ್ ಪೆಟ್ರಿ ಎಂಬ ಆಂಗ್ಲ ಪುರಾತತ್ತ್ವಜ್ಞರಿಗೆ ಅದು ಸಿಕ್ಕಿತು. ಜಗತ್ತಿನ ಅತಿ ಭಾರವಾದ ಸಮಾಧಿಯನ್ನು ಕಟ್ಟಿಸಿದವನ ಪ್ರತಿಮೆ ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾದಷ್ಟು ಚಿಕ್ಕದು! ಅದಕ್ಕೆ ಬದಲಾಗಿ ಅವನ ಕೆಲಸಗಾರರ ಬಗೆಗೆ ನಮಗಿರುವ ತಿಳಿವಳಿಕೆ ಬೆಳೆಯುತ್ತಿದೆ. 2013ರಲ್ಲಿ ಕೆಂಪು ಸಮುದ್ರದ ದಡದ ವಾದಿ ಅಲ್ ಜರ್ಫ್‌ನಲ್ಲಿ ಮೆರೆರ್ ಎಂಬ ಮೇಸ್ತ್ರಿಯ ದಿನಚರಿಯ ಪಪೈರಸ್ ಹಾಳೆಗಳು ದೊರೆತವು. ತನ್ನ ತಂಡ ತುರಾ ಗಣಿಯಿಂದ ಸುಣ್ಣಕಲ್ಲನ್ನು ದೋಣಿಗೆ ತುಂಬಿ ಗೀಜಾಕ್ಕೆ ಸಾಗಿಸಿದ್ದನ್ನು ಅವನು ದಿನದಿನವೂ ಬರೆದಿಟ್ಟಿದ್ದಾನೆ. ಖುಫು ತನ್ನ ಬಗ್ಗೆ ಒಂದು ಮಾತನ್ನೂ ನಮಗೆ ಬಿಡಲಿಲ್ಲ, ಮೇಸ್ತ್ರಿ ಬಿಟ್ಟನು.

ಇನ್ನು ರಾಮ್ಸೇಸ್. ಆಟದವರು ಅವನನ್ನು ಮತ್ತೆ ಮತ್ತೆ ಕರೆಯುವುದರಲ್ಲಿ ಆಶ್ಚರ್ಯವಿಲ್ಲ. ಎರಡನೆಯ ರಾಮ್ಸೇಸ್ ಕ್ರಿ.ಪೂ. 1279ರಿಂದ 1213ರವರೆಗೆ, ಅರವತ್ತಾರು ವರ್ಷ ಆಳಿದನು. ಸುಮಾರು ನೂರು ಮಕ್ಕಳ ತಂದೆ. ಅಬು ಸಿಂಬೆಲ್‌ನಲ್ಲಿ ಬೆಟ್ಟವನ್ನೇ ಕೊರೆದು ತನ್ನ ನಾಲ್ಕು ಬೃಹತ್ ಮೂರ್ತಿಗಳನ್ನು ಕೂರಿಸಿದನು. (ಅಸ್ವಾನ್ ಅಣೆಕಟ್ಟಿನ ನೀರಿನಲ್ಲಿ ಅವು ಮುಳುಗದಂತೆ 1964ರಿಂದ 1968ರವರೆಗೆ ಯುನೆಸ್ಕೊ ನೇತೃತ್ವದಲ್ಲಿ ಆ ದೇವಾಲಯವನ್ನು ತುಂಡು ತುಂಡಾಗಿ ಕತ್ತರಿಸಿ ಎತ್ತರದ ಜಾಗದಲ್ಲಿ ಮರಳಿ ಜೋಡಿಸಲಾಯಿತು.) ಹಿಂದಿನ ಅರಸರು ಕಡೆಸಿದ ವಿಗ್ರಹಗಳ ಮೇಲೂ ತನ್ನ ಹೆಸರು ಕೆತ್ತಿಸುವ ಅಭ್ಯಾಸ ಅವನಿಗಿತ್ತು. ಮುಂದೆ ಯಾರೂ ಅಳಿಸಬಾರದೆಂದು ಆಳವಾಗಿ ಕೆತ್ತಿಸಿದನು. ಅದ್ಭುತಗಳನ್ನು ಬೇಗ ಕಟ್ಟುವ ವಿಶೇಷ ಶಕ್ತಿಯನ್ನು 2010ರ ಆಟ ಅವನಿಗೆ ನೀಡಿತು. ಮೂರು ಸಾವಿರದ ಇನ್ನೂರು ವರ್ಷಗಳ ಹಿಂದೆ ಅವನು ಹೂಡಿದ ಪ್ರಚಾರ ಇಂದಿಗೂ ಫಲ ಕೊಡುತ್ತಿದೆಯೆಂದು ಹೇಳಬೇಕು.

ಪ್ರಚಾರ ಎಂಬ ಮಾತನ್ನು ನಾನು ಬೇಕೆಂದೇ ಬಳಸಿದ್ದೇನೆ. ಕ್ರಿ.ಪೂ. 1274ರ ಸುಮಾರಿಗೆ ಸಿರಿಯದ ಕಾದೇಶಿನಲ್ಲಿ ಹಿತ್ತಿಯರ ಅರಸ ಮುವತಲ್ಲಿಯೊಡನೆ ನಡೆದ ಯುದ್ಧದಲ್ಲಿ ಅವನು ಶತ್ರುವಿನ ಬಲೆಗೆ ಬಿದ್ದು ಕಷ್ಟದಿಂದ ಪಾರಾದನು; ಕಾದೇಶ್ ಅವನ ವಶವಾಗಲಿಲ್ಲ. ಆದರೂ ಕಾರ್ನಾಕ್, ಲಕ್ಸರ್, ಅಬೀಡೋಸ್, ಅಬು ಸಿಂಬೆಲ್‌ಗಳ ಗೋಡೆಗಳ ಮೇಲೆ ತಾನೊಬ್ಬನೇ ಸಾವಿರಾರು ರಥಗಳನ್ನು ಚದುರಿಸಿದಂತೆ ಕೆತ್ತಿಸಿದನು. ಅವನ ನಿಜವಾದ ಹಿರಿಮೆಯನ್ನು ನಾನು ಬೇರೊಂದು ಕಡೆ ಕಾಣುತ್ತೇನೆ. ಯುದ್ಧವಾದ ಹದಿನೈದು ವರ್ಷಗಳ ಮೇಲೆ, ಕ್ರಿ.ಪೂ. 1259ರ ಸುಮಾರಿಗೆ, ಅವನು ಹಿತ್ತಿಯರ ಹೊಸ ಅರಸ ಹತ್ತುಸಿಲಿಯೊಡನೆ ಶಾಂತಿಯ ಒಪ್ಪಂದ ಮಾಡಿಕೊಂಡನು. ಅದರ ಈಜಿಪ್ಟ್ ಪಾಠ ಕಾರ್ನಾಕ್ ಗೋಡೆಯಲ್ಲಿದೆ. ಅಕ್ಕಾದಿಯನ್ ಭಾಷೆಯ ಪಾಠ ಇಂದಿನ ತುರ್ಕಿಯ ಬೊಗಾಜ್‌ಕೊಯ್‌ನಲ್ಲಿ 1906ರಲ್ಲಿ ಜೇಡಿಮಣ್ಣಿನ ಹಲಗೆಗಳ ಮೇಲೆ ಸಿಕ್ಕಿತು. ಓಡಿಹೋದವರನ್ನು ಪರಸ್ಪರ ಹಿಂದಕ್ಕೆ ಕಳುಹಿಸಬೇಕು. ಆದರೆ ಹಾಗೆ ಮರಳಿದವರ ಕಣ್ಣು ಕಿವಿ ಕಾಲುಗಳಿಗೆ ಹಾನಿ ಮಾಡಬಾರದು, ಅವರ ಮಡದಿ ಮಕ್ಕಳನ್ನು ಕೊಲ್ಲಬಾರದು ಎಂಬ ಷರತ್ತು ಅದರಲ್ಲಿದೆ. ಅದರ ಪ್ರತಿಕೃತಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದಲ್ಲಿದೆ. ಆಟದಲ್ಲಿ ಸಂಧಿ ಎಂಬುದು ಮುಂದಿನ ದಾಳಿಗೆ ಸಮಯ ಗಳಿಸುವ ಉಪಾಯ; ಈ ಒಪ್ಪಂದವಾದರೋ ಹಿತ್ತಿಯರ ಸಾಮ್ರಾಜ್ಯ ಇರುವವರೆಗೂ ಮುರಿಯಲಿಲ್ಲ.

ನಮ್ಮ ನಾಡಿಗೆ ಸಂಬಂಧಿಸಿದ ಒಂದು ಸಂಗತಿಯನ್ನೂ ಇಲ್ಲಿ ಹೇಳಿಬಿಡುತ್ತೇನೆ. ರಾಮ್ಸೇಸನ ರಕ್ಷಿತ ಶವ 1881ರಲ್ಲಿ ಬೆಳಕಿಗೆ ಬಂದಿತು. 1976ರಲ್ಲಿ ಅದಕ್ಕೆ ಬೂಷ್ಟು ಹಿಡಿದುದರಿಂದ ಚಿಕಿತ್ಸೆಗಾಗಿ ಪ್ಯಾರಿಸಿಗೆ ಒಯ್ಯಲಾಯಿತು. ಅಲ್ಲಿ ಪರೀಕ್ಷಿಸಿದಾಗ ಅವನ ಮೂಗಿನ ಹೊಳ್ಳೆಗಳಲ್ಲಿ ಕರಿಮೆಣಸಿನ ಕಾಳುಗಳು ಕಂಡವು. ಮೆಣಸಿನ ಬಳ್ಳಿ ಪಶ್ಚಿಮ ಘಟ್ಟದ ಕಾಡಿನದು. ಮೋಶೆಯ ಎದುರು ನಿಂತವನೆಂದು ಹಲವರು ನಂಬುವ ಫರೋಹನ ಮೂಗಿನಲ್ಲಿ ನಮ್ಮ ಘಟ್ಟದ ಮೆಣಸು!

ಹೌದು, ‘ಹಲವರು ನಂಬುವ’ ಎಂದೆ. ಮೋಶೆಯ ಕಾಲದ ಫರೋಹ ಯಾರು ಎಂಬ ಪ್ರಶ್ನೆಯನ್ನು ಧರ್ಮೋಪದೇಶದ ತರಗತಿಗಳಲ್ಲಿ ಮಕ್ಕಳು ಕೇಳದೆ ಬಿಡುವುದಿಲ್ಲ. ಪಿತೋಮ್ ಮತ್ತು ರಾಮ್ಸೇಸ್ ಎಂಬ ಉಗ್ರಾಣ ನಗರಗಳನ್ನು ಇಸ್ರಯೇಲರು ಕಟ್ಟಿದರೆಂದು ವಿಮೋಚನಾಕಾಂಡದ ಮೊದಲನೆಯ ಅಧ್ಯಾಯ ಹೇಳುತ್ತದೆ. ಇದರಿಂದ ಎರಡನೆಯ ರಾಮ್ಸೇಸನ ಕಾಲವೆಂದು ಬಹುಮಂದಿ ವಿದ್ವಾಂಸರು ಊಹಿಸುತ್ತಾರೆ. ಸೊಲೊಮೋನನ ದೇವಾಲಯಕ್ಕೆ 480 ವರ್ಷ ಮೊದಲು ಎಂಬ ಅರಸುಗಳ ಗ್ರಂಥದ ಲೆಕ್ಕವನ್ನು ಹಿಡಿದರೆ ಇನ್ನೂ ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ. 1956ರ ‘ದಿ ಟೆನ್ ಕಮಾಂಡ್‌ಮೆಂಟ್ಸ್’ ಚಲನಚಿತ್ರದಲ್ಲಿ ಯೂಲ್ ಬ್ರಿನ್ನರ್ ರಾಮ್ಸೇಸನಾಗಿ ನಟಿಸಿದ ಮೇಲಂತೂ ಜನರ ಮಟ್ಟಿಗೆ ವಿವಾದವೇ ಮುಗಿದುಹೋಯಿತು. ರಾಮ್ಸೇಸನ ಮಗ ಮೆರ್ನೆಪ್ತಾ ಕ್ರಿ.ಪೂ. 1208ರ ಸುಮಾರಿಗೆ ನಿಲ್ಲಿಸಿದ ಶಿಲಾಶಾಸನವೊಂದು 1896ರಲ್ಲಿ ಪೆಟ್ರಿಯವರಿಗೇ ದೊರೆಯಿತು. ಅದರಲ್ಲಿ ‘ಇಸ್ರಯೇಲ್’ ಎಂಬ ಹೆಸರಿದೆ. ಈಜಿಪ್ಟಿನ ಬರಹಗಳಲ್ಲಿ ಆ ಹೆಸರು ಖಚಿತವಾಗಿ ಕಾಣಿಸಿಕೊಳ್ಳುವ ಮೊದಲ ಸ್ಥಳ ಅದು. ಹೇಳಿರುವುದೇನು? ಇಸ್ರಯೇಲ್ ನಾಶವಾಯಿತು, ಅದರ ಬೀಜವೂ ಉಳಿಯಲಿಲ್ಲ ಎಂದು. ಗೆದ್ದವರ ಶಾಸನಗಳನ್ನು ಹೇಗೆ ಓದಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕೆ?

ವಾಚಕರೇ, ಒಮ್ಮೆ ವಿಮೋಚನಾಕಾಂಡದ ಆ ಮೊದಲನೆಯ ಅಧ್ಯಾಯವನ್ನೇ ತೆರೆದು ನೋಡಿ. ಅಷ್ಟು ದೊಡ್ಡ ಅರಸನನ್ನು ಪವಿತ್ರ ಗ್ರಂಥದ ಲೇಖಕನು ಬರಿಯ ‘ಫರೋಹ’ ಎಂದು ಕರೆಯುತ್ತಾನೆ. ಅದು ‘ದೊಡ್ಡ ಮನೆ’ ಎಂಬರ್ಥದ ಪದ. ನಾವು ‘ಅರಮನೆಯ ಅಪ್ಪಣೆ’ ಎನ್ನುತ್ತೇವಲ್ಲ, ಹಾಗೆ. ಹೆಸರಿಲ್ಲ. ಆದರೆ ಅದೇ ಪುಟದಲ್ಲಿ ಇಬ್ಬರು ಸೂಲಗಿತ್ತಿಯರ ಹೆಸರಿದೆ: ಶಿಫ್ರಾ ಮತ್ತು ಪೂಗಾ. ಗಂಡು ಕೂಸುಗಳನ್ನು ಕೊಲ್ಲಿರೆಂಬ ರಾಜಾಜ್ಞೆಯನ್ನು ದೇವರಿಗೆ ಅಂಜಿ ಪಾಲಿಸದೆ ಹೋದವರು. ಬೈಬಲಿನ ಲೇಖಕರಿಗೆ ಫರೋಹರ ಹೆಸರು ಗೊತ್ತಿರಲಿಲ್ಲವೆಂದಲ್ಲ. ರೆಹಬ್ಬಾಮನ ಕಾಲದಲ್ಲಿ ಜೆರುಸಲೇಮಿನ ಮೇಲೆ ಬಂದ ಶೀಶಕ, ಕ್ರಿ.ಪೂ. 609ರಲ್ಲಿ ಮೆಗಿದ್ದೋ ಬಳಿ ಯೋಷೀಯ ಅರಸನ ಸಾವಿಗೆ ಕಾರಣನಾದ ನೆಕೋ, ಯೆರೆಮೀಯ ಪ್ರವಾದಿ ಹೆಸರಿಸುವ ಹೊಫ್ರ, ಇವರೆಲ್ಲರೂ ಹೆಸರಿನಿಂದಲೇ ಬರುತ್ತಾರೆ. ದಾಸತ್ವದಲ್ಲಿಟ್ಟವನ ಹೆಸರು ಮಾತ್ರ ಬರುವುದಿಲ್ಲ. ಆಳವಾಗಿ ಕೆತ್ತಿಸಿದ ಹೆಸರಿಗೂ ಒಂದು ಪುಸ್ತಕದಲ್ಲಿ ಸ್ಥಳ ಸಿಗಲಿಲ್ಲ! ಇದರಿಂದಾಗಿಯೇ ರಾಮ್ಸೇಸನನ್ನು ಈಜಿಪ್ಟಿನ ಮುಖವಾಗಿ ನಿಲ್ಲಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಅವನು ತನ್ನನ್ನು ತಾನೇ ಆರಿಸಿಕೊಂಡು ಮುಗಿಸಿದ್ದಾನೆ. ನಾವು ಮತ್ತೊಮ್ಮೆ ಆರಿಸಬೇಕಾಗಿಲ್ಲ.

ಕ್ಲಿಯೋಪಾತ್ರಳ ವಿಷಯ ಬೇರೆ. ಅವಳ ಹೆಸರು ಕೇಳದವರಿಲ್ಲ. ಆಟ ಮಾರುವವರಿಗೆ ಅಷ್ಟು ಸಾಕು. ಅವಳು ಅಲೆಕ್ಸಾಂಡರನ ದಂಡನಾಯಕ ಟಾಲೆಮಿಯ ವಂಶದವಳು, ಎಂದರೆ ಮ್ಯಾಸಿಡೋನಿಯದ ಗ್ರೀಕ್ ಮೂಲದವಳು. ಮೂರು ಸಾವಿರ ವರ್ಷಗಳ ಕಥೆಯ ಕೊನೆಯ ಪುಟದವಳು. ಅವಳ ಪೂರ್ವಜರು ಈಜಿಪ್ಟನ್ನು ಆಳುತ್ತಲೇ ಅದರ ಭಾಷೆಯನ್ನು ಕಲಿಯದೆ ಹೋದರೆಂದೂ ಅವಳೊಬ್ಬಳು ಕಲಿತಳೆಂದೂ ಪ್ಲುಟಾರ್ಕ್ ಬರೆಯುತ್ತಾನೆ. ಅವಳ ಚೆಲುವಿಗಿಂತ ಮಾತಿನ ಸೊಗಸೇ ಹೆಚ್ಚೆಂಬುದು ಅವನದೇ ಅಭಿಪ್ರಾಯ. ಪ್ರಜೆಗಳ ಭಾಷೆಯನ್ನು ಕಲಿತ ಅರಸಿಯ ಬಗ್ಗೆ ನನಗೆ ಗೌರವವಿದೆ. ಆದರೆ ನಮಗೆ ಉಳಿದಿರುವುದು ಬಹುಮಟ್ಟಿಗೆ ಅವಳನ್ನು ಸೋಲಿಸಿದ ರೋಮನರು ಬರೆದ ಕ್ಲಿಯೋಪಾತ್ರ. ಅನಂತರ ರಂಗಭೂಮಿಯೂ ಸಿನಿಮಾವೂ ಅದನ್ನೇ ಹಿಗ್ಗಿಸಿದವು. ಬೈಬಲ್ ಓದುಗರಿಗೆ ಆಸಕ್ತಿಯಾಗಬಹುದಾದ ಒಂದು ಸಂಗತಿ: ಜೆರಿಕೋದ ಸುಗಂಧದ್ರವ್ಯದ ತೋಟಗಳನ್ನು ಮಾರ್ಕ್ ಆಂಟನಿ ಅವಳಿಗೆ ಕೊಟ್ಟಾಗ, ತನ್ನದೇ ನಾಡಿನ ಆ ತೋಟಗಳನ್ನು ಅವಳಿಂದ ಗುತ್ತಿಗೆಗೆ ಪಡೆಯಬೇಕಾಗಿ ಬಂದವನು ಹೆರೋದ. ಹಸುಳೆಗಳ ಹತ್ಯೆಯ ಅದೇ ಹೆರೋದ. ಮಾತೆ ಮರಿಯ, ಜೋಸೆಫರು ಬಾಲಯೇಸುವಿನೊಡನೆ ಈಜಿಪ್ಟಿಗೆ ಓಡಿಹೋದಾಗ ಅಲ್ಲಿ ಫರೋಹನಿರಲಿಲ್ಲ. ಅದು ರೋಮಿನ ಒಂದು ಪ್ರಾಂತ್ಯವಾಗಿತ್ತು.

ದೇವರನ್ನು ನಂಬುವವನಿಗೆ ಥಟ್ಟನೆ ಹೊಳೆಯುವ ಹೆಸರು ಇನ್ನೊಂದಿದೆ: ಅಖೆನಾತೆನ್. ‘ಸಿವಿಲೈಸೇಷನ್’ ಅವನನ್ನು ಈಜಿಪ್ಟಿನ ನಾಯಕನಾಗಿ ಒಮ್ಮೆಯೂ ನಿಲ್ಲಿಸಿಲ್ಲ. ಕ್ರಿ.ಪೂ. 1353ರ ಸುಮಾರಿಗೆ ಪಟ್ಟಕ್ಕೆ ಬಂದ ಅವನು ಅಮುನ್ ಮೊದಲಾದ ದೇವತೆಗಳನ್ನು ತೊರೆದು ಸೂರ್ಯಬಿಂಬವಾದ ಆತೆನ್ ಒಂದನ್ನೇ ಆರಾಧಿಸಿದನು. ಇಂದು ಅಮರ್ನಾ ಎಂದು ಕರೆಯುವ ಮರುಭೂಮಿಯ ಬಯಲಿನಲ್ಲಿ ಹೊಸ ರಾಜಧಾನಿ ಕಟ್ಟಿಸಿದನು. ಅಲ್ಲಿನ ಸಮಾಧಿಯೊಂದರ ಗೋಡೆಯ ಮೇಲಿರುವ ಆತೆನ್ ಸ್ತೋತ್ರಕ್ಕೂ ನಮ್ಮ 104ನೆಯ ಕೀರ್ತನೆಗೂ ಇರುವ ಹೋಲಿಕೆ ಪ್ರಸಿದ್ಧವಾಗಿದೆ: ಇರುಳಿನಲ್ಲಿ ಸಿಂಹಗಳು ಹೊರಬರುವುದು, ಬೆಳಗಾದೊಡನೆ ಮನುಷ್ಯನು ದುಡಿಮೆಗೆ ಹೊರಡುವುದು, ನೀರಿನ ಮೇಲೆ ಹಡಗುಗಳು ಸಾಗುವುದು. ಮೋಶೆ ಅಖೆನಾತೆನನ ಶಿಷ್ಯನೆಂದು ಸಿಗ್ಮಂಡ್ ಫ್ರಾಯ್ಡ್ 1939ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಇತಿಹಾಸಕಾರರು ಅದನ್ನು ಒಪ್ಪಲಿಲ್ಲ. ಆದರೂ ‘ಮೊದಲ ಏಕದೇವೋಪಾಸಕ’ ಎಂಬ ಕೀರ್ತಿ ಅವನಿಗೆ ಅಂಟಿಕೊಂಡಿದೆ.

ಹಾಗಾದರೆ ವಿಶ್ವಾಸಿಗಳಾದ ನಾವು ಅವನನ್ನು ಆರಿಸೋಣವೇ? ಆರಿಸುವ ಮೊದಲು ಅಮರ್ನಾದ ಸ್ಮಶಾನಗಳನ್ನು ಒಮ್ಮೆ ನೋಡಬೇಕು. ಇಪ್ಪತ್ತೊಂದನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ ಆ ನಗರದ ಸಾಮಾನ್ಯ ಜನರ ಗೋರಿಗಳ ಉತ್ಖನನ ನಡೆಯಿತು. ರಾಜಧಾನಿಯ ಗೋಡೆಗಳ ಚಿತ್ರಗಳಲ್ಲಿ ಸೂರ್ಯನ ಕಿರಣಗಳು ಪುಟ್ಟ ಕೈಗಳಾಗಿ ಅರಸನ ಕುಟುಂಬಕ್ಕೆ ಜೀವ ನೀಡುತ್ತವೆ, ಮೇಜುಗಳ ಮೇಲೆ ಆಹಾರದ ರಾಶಿಯಿದೆ. ಗೋರಿಗಳಲ್ಲಿ ದೊರೆತ ಎಲುಬುಗಳು ಬೇರೆಯದನ್ನೇ ಹೇಳುತ್ತವೆ: ಪೌಷ್ಟಿಕತೆಯ ಕೊರತೆ, ಭಾರ ಹೊತ್ತು ಸವೆದ ಬೆನ್ನುಮೂಳೆ, ಅಕಾಲ ಮರಣ. ಉತ್ತರದ ಸ್ಮಶಾನದಲ್ಲಂತೂ ಹೂಳಲ್ಪಟ್ಟವರಲ್ಲಿ ಬಹುಪಾಲು ಏಳು ವರ್ಷದಿಂದ ಇಪ್ಪತ್ತೈದು ವರ್ಷದೊಳಗಿನವರು; ಎಷ್ಟೋ ಕಡೆ ಒಂದೇ ಗುಂಡಿಯಲ್ಲಿ ಇಬ್ಬರು ಮೂವರು. ಮನೆಯವರ ಕೈಯಿಂದ ಮಣ್ಣಾದಂತೆ ಕಾಣದ ಮಕ್ಕಳು. ಒಬ್ಬನೇ ದೇವರ ಹೆಸರಿನಲ್ಲಿ ಇಪ್ಪತ್ತು ವರ್ಷವೂ ಬಾಳದ ನಗರವೊಂದನ್ನು ಅವಸರದಿಂದ ಎಬ್ಬಿಸಲು ಕಲ್ಲು ಹೊತ್ತವರು ಅವರೇ ಇರಬೇಕೆಂದು ಸಂಶೋಧಕರು ಭಾವಿಸುತ್ತಾರೆ.

ಇನ್ನೊಂದು ಮಾತು. ಆತೆನನ್ನು ನೇರವಾಗಿ ಆರಾಧಿಸುವ ಅಧಿಕಾರ ಅರಸನಿಗೂ ಅವನ ಕುಟುಂಬಕ್ಕೂ ಮಾತ್ರ. ಪ್ರಜೆಗಳು ಅರಸನ ಮುಖಾಂತರವೇ ಹೋಗಬೇಕಿತ್ತು. ಅಮುನನ ಹೆಸರನ್ನು ಕಂಡಕಂಡಲ್ಲಿ ಉಳಿಯಿಂದ ಕೊಚ್ಚಲಾಯಿತು. ಹೀಗಿದ್ದರೂ ಅಮರ್ನಾದ ಸಾಮಾನ್ಯರ ಮನೆಗಳಲ್ಲಿ ಹೆರಿಗೆಯನ್ನು ಕಾಯುವ ಹಳೆಯ ದೇವತೆಗಳಾದ ಬೆಸ್ ಮತ್ತು ತವೆರೆತ್‌ರ ಪುಟ್ಟ ಗೊಂಬೆಗಳು ಸಿಕ್ಕಿವೆ. ರಾಜಾಜ್ಞೆಯ ದೇವರಿಗೆ ಹೆರಿಗೆಯ ಮನೆಯಲ್ಲಿ ಕೆಲಸವಿರಲಿಲ್ಲ. ಇಸ್ರಯೇಲರ ದೇವರಾದರೋ ದಾಸರ ಗೋಳನ್ನು ಕೇಳಿ ಇಳಿದು ಬಂದ ದೇವರು. ಏಕದೇವೋಪಾಸನೆ ಎಂಬ ಒಂದೇ ಪದದಡಿ ಇಬ್ಬರನ್ನೂ ಸೇರಿಸುವುದು ಲೆಕ್ಕದ ಹೋಲಿಕೆಯೇ ಹೊರತು ವಿಶ್ವಾಸದ ಹೋಲಿಕೆಯಲ್ಲ. ಅಖೆನಾತೆನನ್ನು ಕೈಬಿಡಲು ನನಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಕೂಷ್ ದೇಶದ, ಎಂದರೆ ಇಂದಿನ ಸುಡಾನಿನ, ತಹಾರ್ಕನನ್ನು ಆರಿಸಿದರೆ ಹೇಗೆ ಎಂದೂ ಯೋಚಿಸಿದ್ದುಂಟು. ಹಿಜ್ಕೀಯನ ಕಾಲದಲ್ಲಿ ಅಸ್ಸೀರಿಯದ ಸನ್ಹೇರೀಬನಿಗೆ ಎದುರಾಗಿ ಹೊರಟ ತಿರ್ಹಾಕನೆಂದು ಅರಸುಗಳ ಗ್ರಂಥವೂ ಯೆಶಾಯನೂ ಹೇಳುವವನು ಇವನೇ. ಕ್ರಿ.ಪೂ. 690ರಿಂದ 664ರವರೆಗೆ ಈಜಿಪ್ಟಿನ ಫರೋಹನಾಗಿದ್ದನು. ದಕ್ಷಿಣದ ಕಪ್ಪು ಜನಾಂಗದ ಅರಸರು ಈಜಿಪ್ಟಿನ ಗದ್ದುಗೆಯಲ್ಲಿ ಕುಳಿತಿದ್ದರೆಂಬುದು ಮರೆತುಹೋಗಬಾರದ ಸತ್ಯ. ಆದರೆ ಅವನನ್ನು ಈಜಿಪ್ಟಿನ ಮುಖವಾಗಿಸಿದರೆ ಕೂಷಿನಿಂದ ಅವನನ್ನು ಕಿತ್ತುಕೊಂಡಂತೆ; ಅವನ ಸಮಾಧಿಯ ಪಿರಮಿಡ್ ಇರುವುದು ಸುಡಾನಿನ ನೂರಿಯಲ್ಲಿ.

ಇಲ್ಲಿಯವರೆಗೂ ಅರಸರ ಮಾತೇ ಆಯಿತು. ‘ಟೋಟಲ್ ವಾರ್: ಫರೋಹ’ ಎಂಬ 2023ರ ಮತ್ತೊಂದು ಆಟದಲ್ಲಿ ಮೂರನೆಯ ರಾಮ್ಸೇಸ್ ನಾಯಕರಲ್ಲೊಬ್ಬ. ಸಮುದ್ರದಾಚೆಯಿಂದ ದಂಡೆತ್ತಿ ಬಂದವರನ್ನು ತಡೆದ ವೀರನೆಂದು ಅವನ ಖ್ಯಾತಿ. ಆ ವೀರನ ಇಪ್ಪತ್ತೊಂಬತ್ತನೆಯ ಆಳ್ವಿಕೆಯ ವರ್ಷದಲ್ಲಿ, ಕ್ರಿ.ಪೂ. 1157ರ ಆಸುಪಾಸಿನಲ್ಲಿ, ರಾಜರ ಸಮಾಧಿಗಳನ್ನು ಕೊರೆಯುತ್ತಿದ್ದ ದೇರ್ ಎಲ್ ಮದೀನಾದ ಕುಶಲಕರ್ಮಿಗಳು ಉಪಕರಣಗಳನ್ನು ಕೆಳಗಿಟ್ಟು ಹೊರಟರು. ಕೂಲಿಯಾಗಿ ಬರಬೇಕಾದ ಧಾನ್ಯ ಹದಿನೆಂಟು ದಿನವಾದರೂ ಬಂದಿರಲಿಲ್ಲ. ಹಸಿವೂ ನೀರಡಿಕೆಯೂ ನಮ್ಮನ್ನು ಇಲ್ಲಿಗೆ ತಂದವು, ಬಟ್ಟೆಯಿಲ್ಲ, ಎಣ್ಣೆಯಿಲ್ಲ, ಮೀನಿಲ್ಲ, ಕಾಯಿಪಲ್ಲೆಯಿಲ್ಲ, ಇದನ್ನು ಫರೋಹನಿಗೆ ತಿಳಿಸಿರಿ ಎಂದು ದೇವಾಲಯದ ಹಿಂಬದಿಯಲ್ಲಿ ಕುಳಿತುಬಿಟ್ಟರು. ಚರಿತ್ರೆಯಲ್ಲಿ ದಾಖಲಾಗಿರುವ ಮೊದಲ ಮುಷ್ಕರವಿದು. ಅದರ ಪಪೈರಸ್ ಇಟಲಿಯ ಟ್ಯೂರಿನ್ ವಸ್ತುಸಂಗ್ರಹಾಲಯದಲ್ಲಿದೆ. ಕೂಲಿಗಾರನ ತಡೆಹಿಡಿದ ಕೂಲಿ ಕೂಗಿಕೊಳ್ಳುತ್ತದೆಯೆಂದು ಯಾಕೋಬನು ತನ್ನ ಪತ್ರದಲ್ಲಿ ಬರೆದದ್ದು ಅದಕ್ಕೆ ಹನ್ನೆರಡು ಶತಮಾನಗಳ ಮೇಲೆ; ಹದಿಮೂರನೆಯ ಲಿಯೋ ವಿಶ್ವಗುರುಗಳು ಕಾರ್ಮಿಕರ ನ್ಯಾಯವಾದ ಕೂಲಿಯ ಬಗ್ಗೆ ‘ರೇರುಂ ನೊವಾರುಂ’ ಪರಿಪತ್ರ ಹೊರಡಿಸಿದ್ದು 1891ರಲ್ಲಿ. ತಂತ್ರದ ಆಟಗಳಲ್ಲಿ ಪ್ರಜೆಗಳ ಅತೃಪ್ತಿ ಒಂದು ಸಂಖ್ಯೆ. ಅದು ಏರಿದರೆ ಒಂದು ಕಟ್ಟಡ ಕಟ್ಟಿಸಿ ಇಳಿಸಬಹುದು. ಮೀನಿಲ್ಲ, ಕಾಯಿಪಲ್ಲೆಯಿಲ್ಲ ಎಂಬ ದನಿಗೆ ಅಂಕ ಕೊಡುವ ಬಗೆಯನ್ನು ಯಾವ ವಿನ್ಯಾಸಕಾರನೂ ಕಂಡುಹಿಡಿದಿಲ್ಲ.

ಹಾಗಿದ್ದರೂ ಆಟಕ್ಕೆ ಒಬ್ಬ ಅರಸ ಬೇಕೇ ಬೇಕು. ಸೂಲಗಿತ್ತಿಯನ್ನೋ ಮೇಸ್ತ್ರಿಯನ್ನೋ ಆ ಆಸನದಲ್ಲಿ ಕೂರಿಸಲಾಗದು. ನನ್ನ ಅಭಿಪ್ರಾಯ ಕೇಳಿದರೆ 2025ರ ಆಯ್ಕೆಯೇ ಇದ್ದುದರಲ್ಲಿ ಮೇಲು.

ಹಾತ್‌ಶೆಪ್ಸುತ್ ಮೊದಲನೆಯ ಥುತ್‌ಮೋಸನ ಮಗಳು, ಎರಡನೆಯವನ ಮಡದಿ, ಮೂರನೆಯವನ ಮಲತಾಯಿ. ಮಗು ಚಿಕ್ಕವನಾಗಿದ್ದರಿಂದ ಅವನ ಪರವಾಗಿ ಆಳಲು ತೊಡಗಿದವಳು ಕೆಲವೇ ವರ್ಷಗಳಲ್ಲಿ ತಾನೇ ಫರೋಹನ ಕಿರೀಟ ಧರಿಸಿದಳು. ಒಟ್ಟು ಸುಮಾರು ಇಪ್ಪತ್ತೆರಡು ವರ್ಷ, ಕ್ರಿ.ಪೂ. 1458ರವರೆಗೆ ಆಳಿದಳು. ಅವಳು ಸಂತಳಲ್ಲ. ನೂಬಿಯದ ಮೇಲೆ ದಂಡು ಕಳುಹಿಸಿದ್ದಾಳೆ. ಅಮುನ್ ದೇವನೇ ತನ್ನ ತಂದೆಯೆಂದು ಗೋಡೆಗಳ ಮೇಲೆ ಕೆತ್ತಿಸಿದ್ದಾಳೆ. ಪ್ರಚಾರದಲ್ಲಿ ಅವಳೂ ಹಿಂದೆ ಬಿದ್ದವಳಲ್ಲ. ಆದರೆ ತನ್ನ ಆಳ್ವಿಕೆಯ ಮುಖ್ಯ ಸಾಧನೆಯೆಂದು ಅವಳು ದೇರ್ ಎಲ್ ಬಹ್ರಿಯ ದೇವಾಲಯದಲ್ಲಿ ವಿಸ್ತಾರವಾಗಿ ಚಿತ್ರಿಸಿರುವುದು ಯುದ್ಧವನ್ನಲ್ಲ, ಒಂದು ವ್ಯಾಪಾರದ ಪ್ರಯಾಣವನ್ನು. ಒಂಬತ್ತನೆಯ ವರ್ಷದಲ್ಲಿ ಅವಳ ಐದು ಹಡಗುಗಳು ಕೆಂಪು ಸಮುದ್ರದ ಮೂಲಕ ಪುಂತ್ ದೇಶಕ್ಕೆ ಹೋಗಿ ಸುಗಂಧದ್ರವ್ಯ, ಚಿನ್ನ, ದಂತ, ಕರಿಮರಗಳನ್ನು ತಂದವು. ಧೂಪದ ಮರಗಳನ್ನು ಬೇರುಸಹಿತ ಬುಟ್ಟಿಯಲ್ಲಿಟ್ಟು ಹೊತ್ತು ತರುವ ಆಳುಗಳು, ಅಲ್ಲಿನ ನೀರಿನ ಮೀನುಗಳು, ಪುಂತಿನ ಜನರ ಮನೆಗಳು, ಅವುಗಳಿಗೆ ಹತ್ತುವ ಏಣಿಗಳು ಎಲ್ಲವೂ ಅಲ್ಲಿವೆ. ನೆರೆಯ ನಾಡಿನ ಮೀನನ್ನೂ ಏಣಿಯನ್ನೂ ಕುತೂಹಲದಿಂದ ನೋಡಿದ ರಾಜ್ಯಗಳು ಪ್ರಾಚೀನ ಲೋಕದಲ್ಲಿ ಹೆಚ್ಚಿಲ್ಲ. ಏಳನೆಯ ಆವೃತ್ತಿಯ ಆಟ ಆಮದಾದ ಸರಕುಗಳಿಂದ ಸಂಸ್ಕೃತಿ ಬೆಳೆಯುವ ಗುಣವನ್ನು ಅವಳಿಗೆ ಕೊಟ್ಟಿದೆ. ಯಾರೋ ಆ ಗೋಡೆಗಳನ್ನು ಶ್ರದ್ಧೆಯಿಂದ ನೋಡಿದ್ದಾರೆ.

ಅವಳ ಮರಣದ ಕನಿಷ್ಠ ಇಪ್ಪತ್ತು ವರ್ಷಗಳ ಮೇಲೆ, ಮೂರನೆಯ ಥುತ್‌ಮೋಸನ ಆಳ್ವಿಕೆಯ ಕೊನೆಗಾಲದಲ್ಲಿ, ಅವಳ ಹೆಸರನ್ನೂ ರೂಪವನ್ನೂ ಗೋಡೆಗಳಿಂದ ಕೊಚ್ಚಿ ತೆಗೆಯಲಾಯಿತು, ವಿಗ್ರಹಗಳನ್ನು ಒಡೆದು ಹೂಳಲಾಯಿತು. ಮಲಮಗನ ಸೇಡು ಎಂದು ಹಿಂದೆ ವಿವರಿಸುತ್ತಿದ್ದರು. ಸೇಡಿಗೆ ಇಪ್ಪತ್ತು ವರ್ಷ ಕಾಯುವವರು ಅಪರೂಪ. ಗಂಡು ಮಕ್ಕಳ ಉತ್ತರಾಧಿಕಾರದ ಸಾಲನ್ನು ನೇರಗೊಳಿಸಲು ಹೀಗೆ ಮಾಡಿರಬೇಕೆಂಬುದು ಇಂದು ಹಲವರ ಮತ. ವಿಗ್ರಹಗಳನ್ನು ಒಡೆದ ರೀತಿಯಲ್ಲಿ ದ್ವೇಷಕ್ಕಿಂತ, ಹಳೆಯ ಅರಸರ ವಿಗ್ರಹಗಳ ಶಕ್ತಿಯನ್ನು ತೆಗೆಯುವ ವಾಡಿಕೆಯ ವಿಧಿಯೇ ಕಾಣುತ್ತದೆಂದು 2025ರಲ್ಲಿ ಪ್ರಕಟವಾದ ಒಂದು ಅಧ್ಯಯನ ವಾದಿಸಿದೆ. ಕಾರ್ನಾಕಿನಲ್ಲಿ ಸುಮಾರು 30 ಮೀಟರ್ ಎತ್ತರದ ಅವಳ ಕಂಬವೊಂದು ಇಂದಿಗೂ ನಿಂತಿದೆ. ಮುಂದಿನ ವರ್ಷಗಳಲ್ಲಿ ಇದನ್ನು ನೋಡುವ ಜನರು ಏನೆಂದುಕೊಳ್ಳುವರೋ ಎಂದು ತನ್ನ ಹೃದಯ ಅತ್ತ ಇತ್ತ ತೂಗುತ್ತಿದೆಯೆಂದು ಅವಳು ಅದರ ಮೇಲೆ ಬರೆಸಿದ್ದಾಳೆ. ರಾಮ್ಸೇಸನಿಗೆ ಆ ಸಂದೇಹ ಎಂದೂ ಬಂದಂತಿಲ್ಲ.

ಅಳಿಸಿದವರ ಕೆಲಸವೂ ಪೂರ್ಣವಾಗಲಿಲ್ಲ. ಚಿತ್ರಲಿಪಿಯ ಗುಟ್ಟನ್ನು ಬಿಡಿಸಿದ ಫ್ರೆಂಚ್ ವಿದ್ವಾಂಸ ಷಾಂಪೋಲಿಯನ್ 1829ರಲ್ಲಿ ದೇರ್ ಎಲ್ ಬಹ್ರಿಗೆ ಬಂದಾಗ ಹಾತ್‌ಶೆಪ್ಸುತ್ ಎಂಬ ಹೆಸರನ್ನು ಕೇಳಿದವರು ಭೂಮಿಯ ಮೇಲೆ ಇರಲಿಲ್ಲವೆಂದೇ ಹೇಳಬಹುದು. ಗೋಡೆಯ ಮೇಲೆ ಗಡ್ಡ ಧರಿಸಿದ ಅರಸನ ರೂಪ ಕಂಡಿತು. ಆದರೆ ಬರಹವನ್ನು ಓದುತ್ತ ಹೋದಂತೆ ನಾಮಪದಗಳೂ ಕ್ರಿಯಾಪದಗಳೂ ಸ್ತ್ರೀಲಿಂಗದಲ್ಲಿದ್ದುದನ್ನು ನೋಡಿ ಅವರು ಬೆರಗಾದರು. ಹೆಸರನ್ನು ಕೊಚ್ಚಿದವರು ‘ಅವಳು’ ಎಂಬುದನ್ನು ಅಲ್ಲಲ್ಲಿ ಹಾಗೆಯೇ ಬಿಟ್ಟಿದ್ದರು.